ಬೀಗದ ಕೈಯೊಳಗೊಂದು ಗುಟ್ಟಿನ ಸಂಖ್ಯೆ

ಮಂಗಳೂರಿನ ಹಂಪನಕಟ್ಟೆ. ಸಂಜೆಯ ಹೊತ್ತು. ಒಂದೇ ಕಂಪೆನಿಯ, ಒಂದೇ ಬಣ್ಣದ ನಾಲ್ಕಾರು ಕಾರುಗಳು ಸಾಲಾಗಿ ನಿಂತಿವೆ. ಸಾಮಾನಿನ ಚೀಲ ಹಿಡಿದು ಬಂದವರೊಬ್ಬರು ಬೀಗದ ಕೈಯ ಗುಂಡಿ ಒತ್ತುತ್ತಾರೆ. ಒಂದು ಕಾರು ಮಾತ್ರ ದೀಪ ಮಿನುಗಿಸಿ ಬಾಗಿಲು ಸಡಿಲಿಸುತ್ತದೆ. ಉಳಿದವು ಸುಮ್ಮನಿರುತ್ತವೆ. ಆ ಒಂದು ಕಾರಿಗೆ ಮಾತ್ರ ತನ್ನ ಯಜಮಾನರ ಗುರುತು ಹತ್ತಿದ್ದು ಹೇಗೆ?

ಗುಂಡಿ ಒತ್ತಿದೊಡನೆ ಬೀಗದ ಕೈಯೊಳಗಿನ ಪುಟ್ಟ ಪ್ರೇಷಕ ರೇಡಿಯೋ ತರಂಗಗಳನ್ನು ಹೊರಡಿಸುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಇವುಗಳ ಆವೃತ್ತಿ ಸುಮಾರು 433 ಮೆಗಾಹರ್ಟ್ಸ್. ಅಂದರೆ ಸೆಕೆಂಡಿಗೆ 43 ಕೋಟಿಗೂ ಹೆಚ್ಚು ಕಂಪನಗಳು! ಇಷ್ಟಕ್ಕೂ ಬೇಕಾದ ಶಕ್ತಿ ಬರುವುದು ನಾಣ್ಯದಂತಹ 3 ವೋಲ್ಟಿನ ಸೆಲ್‌ನಿಂದ. ತರಂಗ ಎಲ್ಲ ಕಾರುಗಳಿಗೂ ತಲಪುತ್ತದೆ. ಆದರೆ ಅದು ಹೊತ್ತು ತಂದ ಸಂಖ್ಯೆಯನ್ನು ಒಪ್ಪಿಕೊಳ್ಳುವುದು ಒಂದೇ ಕಾರು.

ನಿನ್ನೆಯ ಟಿಕೆಟ್ ಇಂದು ಸಲ್ಲದು

ಮೊದಮೊದಲು ರಿಮೋಟುಗಳು ಪ್ರತಿ ಸಲವೂ ಅದೇ ಸಂಖ್ಯೆಯನ್ನು ಕಳುಹಿಸುತ್ತಿದ್ದವು. ಕಳ್ಳನೊಬ್ಬ ಅದನ್ನು ಹಿಡಿದಿಟ್ಟು ಮತ್ತೆ ಬಿತ್ತರಿಸಿದರೆ ಕಾರು ತೆರೆದುಕೊಳ್ಳುತ್ತಿತ್ತು. ಪರಿಹಾರವಾಗಿ ಬಂದದ್ದು ಉರುಳುವ ಸಂಕೇತ. 1980ರ ದಶಕದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ರೂಪುಗೊಂಡ 'ಕೀಲಾಕ್' ಇದಕ್ಕೆ ಪ್ರಸಿದ್ಧ ಉದಾಹರಣೆ.

ಇದರಲ್ಲಿ ಬೀಗದ ಕೈ ಮತ್ತು ಕಾರು ಎರಡರಲ್ಲೂ ಒಂದೇ ಗುಟ್ಟಿನ ಸೂತ್ರ, ಒಂದೇ ಎಣಿಕೆ ಇರುತ್ತದೆ. ಪ್ರತಿ ಒತ್ತಿಗೂ ಎಣಿಕೆ ಒಂದು ಹೆಚ್ಚುತ್ತದೆ. ಆ ಎಣಿಕೆಯನ್ನು ಸೂತ್ರದಲ್ಲಿ ಮರೆಮಾಡಿ ಕಳುಹಿಸಲಾಗುತ್ತದೆ. ಕೀಲಾಕ್‌ನಲ್ಲಿ ಮರೆಮಾಡಿದ ಭಾಗ 32 ಬಿಟ್‌ಗಳದು. ಹಾಗೆಂದರೆ 2ನ್ನು 32 ಬಾರಿ ಗುಣಿಸಿದಷ್ಟು, ಸುಮಾರು 429 ಕೋಟಿ ಸಾಧ್ಯತೆಗಳು. ಒಮ್ಮೆ ಬಳಸಿದ ಸಂಖ್ಯೆ ಮತ್ತೆ ಸಲ್ಲದು. ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ನಿನ್ನೆಯ ಟಿಕೆಟ್ ತೋರಿಸಿ ಇಂದು ಬಸ್ಸು ಹತ್ತಲಾದೀತೇ?

ಮನೆಯಲ್ಲಿ ಮಗು ಆಟಕ್ಕೆಂದು ಗುಂಡಿ ಒತ್ತುತ್ತಿದ್ದರೆ? ಕೈಯ ಎಣಿಕೆ ಮುಂದಾಗಿ, ಕಾರಿನದು ಹಿಂದೆ ಉಳಿಯುತ್ತದೆ. ಅದಕ್ಕೆಂದೇ ಕಾರು ಮುಂದಿನ ಕೆಲವು ಎಣಿಕೆಗಳನ್ನೂ ಒಪ್ಪುತ್ತದೆ. ಕೀಲಾಕ್‌ನಲ್ಲಿ ಈ ರಿಯಾಯಿತಿ 16ರವರೆಗೆ. ಅದನ್ನೂ ಮೀರಿದರೆ ಕಾರಿನ ಬಳಿ ಎರಡು ಬಾರಿ ಒತ್ತಿದಾಗ ಲೆಕ್ಕ ಸಾಮಾನ್ಯವಾಗಿ ಸರಿಹೋಗುತ್ತದೆ.

ಸೆಲ್ ಇಲ್ಲದ ಬಿಲ್ಲೆ

ಕದ್ರಿ, ಬಿಜೈಯಂಥ ಕಡೆಗಳ ವಸತಿ ಸಮುಚ್ಚಯಗಳಲ್ಲಿ ಬಾಗಿಲಿಗೆ ಮುಟ್ಟಿಸುವ ಪುಟ್ಟ ಬಿಲ್ಲೆಗೆ ಸೆಲ್ ಇಲ್ಲ. ಬಾಗಿಲ ಬಳಿಯ ಪೆಟ್ಟಿಗೆಯೊಳಗಿನ ತಂತಿಸುರುಳಿ ಬದಲಾಗುತ್ತಿರುವ ಕಾಂತಕ್ಷೇತ್ರವನ್ನು ಹರಡುತ್ತದೆ. ಬಿಲ್ಲೆಯೊಳಗಿನ ಸುರುಳಿಯಲ್ಲಿ ಅದು ವಿದ್ಯುತ್ತನ್ನು ಪ್ರೇರೇಪಿಸುತ್ತದೆ. ಪ್ರೌಢಶಾಲೆಯಲ್ಲಿ ಓದುವ, 1831ರಲ್ಲಿ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆ ಇದೇ. ಅಷ್ಟೇ ಶಕ್ತಿಯಿಂದ ಚಿಪ್ ಎಚ್ಚೆತ್ತು ತನ್ನ ಸಂಖ್ಯೆ ಹೇಳುತ್ತದೆ. ಟೋಲ್ ಗೇಟಿನಲ್ಲಿ ಬಳಸುವ ಫಾಸ್ಟ್ಯಾಗ್‌ಗೂ ಸೆಲ್ ಇಲ್ಲ. ಅದು ದೂರದಿಂದ ಬರುವ ರೇಡಿಯೋ ತರಂಗದಿಂದಲೇ ಶಕ್ತಿ ಪಡೆಯುತ್ತದೆ.

ಅಗ್ಗದ ಬಿಲ್ಲೆಗಳು ಸದಾ ಒಂದೇ ಸಂಖ್ಯೆ ಹೇಳುವುದರಿಂದ ನಕಲು ಮಾಡುವುದು ಸುಲಭ. ಬಿಲ್ಲೆ ಕಳೆದುಹೋದರೆ ಹೊಸದೊಂದನ್ನು ಕೊಂಡರೆ ಸಾಲದು. ಹಳೆಯ ಸಂಖ್ಯೆಯನ್ನು ಯಂತ್ರದಿಂದ ಅಳಿಸುವಂತೆ ಸಮುಚ್ಚಯದ ಕಾರ್ಯದರ್ಶಿಗೆ ಅಂದೇ ತಿಳಿಸಬೇಕು.

ಗುಂಡಿಯನ್ನೇ ಒತ್ತಬೇಕಾಗಿಲ್ಲದ ಕಾರುಗಳಲ್ಲಿ ಬೇರೊಂದು ತೊಡಕಿದೆ. ಬಾಗಿಲ ಹಿಡಿ ಮುಟ್ಟಿದಾಗ ಕಾರು ಮೆಲ್ಲನೆ ಕರೆಯುತ್ತದೆ, ಹತ್ತಿರದ ಜೇಬಿನಲ್ಲಿರುವ ಕೈ ತಾನಾಗಿ ಉತ್ತರಿಸುತ್ತದೆ. ಇಬ್ಬರು ಕಳ್ಳರು ಉಪಕರಣ ಹಿಡಿದು, ಒಬ್ಬ ಕಾರಿನ ಬಳಿ, ಇನ್ನೊಬ್ಬ ಮನೆಬಾಗಿಲ ಬಳಿ ನಿಂತರೆ ಈ ಸಂಭಾಷಣೆಯನ್ನು ದೂರಕ್ಕೆ ದಾಟಿಸಬಲ್ಲರು. ಜರ್ಮನಿಯ ವಾಹನ ಸಂಘ ಎಡಿಎಸಿ 2016ರಲ್ಲಿ ಹಲವು ಮಾದರಿಯ ಕಾರುಗಳನ್ನು ಹೀಗೆ ತೆರೆದು ತೋರಿಸಿತು. ಇಲ್ಲಿ ಗುಟ್ಟಿನ ಸೂತ್ರ ಒಡೆದಿಲ್ಲ. ದೂರದಲ್ಲಿದ್ದ ಬೀಗದ ಕೈ ಹತ್ತಿರವೇ ಇದೆಯೆಂದು ಕಾರು ಮೋಸಹೋಯಿತು, ಅಷ್ಟೆ.

ಇಂಥ ಕಾರು ಮನೆಯಲ್ಲಿದ್ದರೆ ಹೆತ್ತವರೊಂದಿಗೆ ಸೇರಿ ಮಕ್ಕಳು ಒಂದು ಪ್ರಯೋಗ ಮಾಡಬಹುದು. ಬೀಗದ ಕೈಯನ್ನು ಮುಚ್ಚಳ ಬಿಗಿಯಾದ ಲೋಹದ ಡಬ್ಬಿಯಲ್ಲಿಟ್ಟು ಕಾರಿನ ಬಳಿ ಹೋಗಿ ಹಿಡಿ ಎಳೆದು ನೋಡಿ. ಬಾಗಿಲು ತೆರೆಯದಿದ್ದರೆ ಆ ಡಬ್ಬಿ ತರಂಗವನ್ನು ತಡೆದಿದೆ ಎಂದರ್ಥ. ತೆರೆದರೆ ಬೇರೆ ಡಬ್ಬಿ ಹುಡುಕಿ. ಯಾವ ಡಬ್ಬಿ ಗೆದ್ದಿತೋ ರಾತ್ರಿ ಬೀಗದ ಕೈಗೆ ಅದೇ ಮನೆಯಾಗಲಿ, ಬಾಗಿಲ ಪಕ್ಕದ ಮೊಳೆಯಲ್ಲ.