ಹಾಲು ಹಾಕುವ ಬೈಕಿಗೂ ಲೈಸೆನ್ಸ್ ಬೇಕೆ?



ನಸುಕಿನಲ್ಲಿ ಎದ್ದು ಹಾಲು ಕರೆದು, ಕ್ಯಾನನ್ನು ಗಾಡಿಗೆ ಬಿಗಿದು, ಸಂಘದಲ್ಲಿ ಅಳತೆ ಮುಗಿಯುವುದರೊಳಗೆ ತಲುಪಬೇಕೆಂದು ಹೊರಡುವವರು ನಮ್ಮಲ್ಲಿ ಬಹಳ ಮಂದಿ. "ಊರಿಂದ ಡೇರಿಗೆ ಹೋಗಿ ಬರುವುದಕ್ಕೂ ಲೈಸೆನ್ಸ್ ಬೇಕೆ?" ಎಂದು ಇವರಲ್ಲಿ ಅನೇಕರು ಕೇಳುವುದುಂಟು. ಮೋಟಾರು ವಾಹನ ಕಾಯ್ದೆ, 1988ರಲ್ಲಿ ಹಳ್ಳಿಯ ರಸ್ತೆ, ಪಟ್ಟಣದ ರಸ್ತೆ ಎಂಬ ಭೇದವಿಲ್ಲ. ಸಾರ್ವಜನಿಕರು ಓಡಾಡುವ ದಾರಿ ಯಾವುದಾದರೂ ಲೈಸೆನ್ಸ್ ಬೇಕೇ ಬೇಕು.

ದಂಡದ ಮಾತು ಒತ್ತಟ್ಟಿಗಿರಲಿ. ಅದಕ್ಕಿಂತ ದೊಡ್ಡ ನಷ್ಟ ವಿಮೆಯದು. ಗಾಡಿಯ ಮಾಲೀಕರಿಗೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಇರುತ್ತದೆ. ಆದರೆ ಗಾಡಿ ಓಡಿಸುತ್ತಿದ್ದ ಮಾಲೀಕರ ಬಳಿ ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕೆಂಬುದು ಅದರ ಷರತ್ತು. ಲೈಸೆನ್ಸ್ ಇಲ್ಲದೆ ಜೀವಕ್ಕೆ ಅಪಾಯವಾದರೆ, ವರ್ಷ ವರ್ಷ ಕಂತು ಕಟ್ಟಿದ್ದರೂ ಮನೆಯವರಿಗೆ ಆ ಹಣ ದಕ್ಕುವುದಿಲ್ಲ. ಇನ್ನು ಎದುರಿನವರಿಗೆ ಪೆಟ್ಟಾದರೆ? ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲಿ ನೀಡಿದ ತೀರ್ಪಿನಂತೆ, ವಿಮಾ ಕಂಪನಿ ಗಾಯಾಳುವಿಗೆ ಪರಿಹಾರ ಕೊಟ್ಟು, ಲೈಸೆನ್ಸ್ ಇಲ್ಲದವರ ಕೈಗೆ ಗಾಡಿ ಕೊಟ್ಟ ಮಾಲೀಕರಿಂದ ಅದನ್ನು ವಸೂಲು ಮಾಡಬಹುದು. ಕೊಟ್ಟಿಗೆಯ ಹಸುಗಳನ್ನೆಲ್ಲ ಮಾರಿದರೂ ತೀರದ ಮೊತ್ತ ಅದಾಗಬಹುದು.

ಮಕ್ಕಳ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. "16 ವರ್ಷಕ್ಕೆ ಮೊಪೆಡ್ ಓಡಿಸಬಹುದು" ಎನ್ನುತ್ತಾರೆ. ಆ ರಿಯಾಯಿತಿ 50 ಸಿ.ಸಿ. ಮೀರದ ಗಾಡಿಗೆ ಮಾತ್ರ, ಅದಕ್ಕೂ ಲೈಸೆನ್ಸ್ ಬೇಕು. ಹಿಂದಿನ ಟಿವಿಎಸ್ 50 ಕಾಲದ ಮಾತು ಹಾಗೆಯೇ ಉಳಿದುಕೊಂಡಿದೆ. ಈಗ ಹಾಲು ಹೊರುವ ಎಕ್ಸ್‌ಎಲ್ 100 ಗಾಡಿಯ ಎಂಜಿನ್ ಹೆಚ್ಚು ಕಡಿಮೆ 100 ಸಿ.ಸಿ.ಯದು, ಅದಕ್ಕೆ 18 ತುಂಬಿರಬೇಕು. 2019ರ ತಿದ್ದುಪಡಿಯ ಪ್ರಕಾರ, ಅಪ್ರಾಪ್ತ ವಯಸ್ಸಿನ ಮಕ್ಕಳು ಗಾಡಿ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಸಜೆ. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಶಾಲೆಗೆ ಹೋಗುವ ಮಗನ ಕೈಗೆ ಕ್ಯಾನು, ಕೀಲಿ ಎರಡನ್ನೂ ಕೊಡುವ ಮುನ್ನ ಇದನ್ನು ನೆನೆಯಿರಿ.

ಮೊದಲು ಕಲಿಕಾ ಲೈಸೆನ್ಸ್, ಅಂದರೆ ಎಲ್.ಎಲ್. ಪಡೆಯಬೇಕು. ಸಾರಿಗೆ ಇಲಾಖೆಯ 'ಸಾರಥಿ' ಜಾಲತಾಣದಲ್ಲಿ ಅರ್ಜಿ ಹಾಕಬಹುದು. ಮೊಬೈಲ್ ಬಳಕೆ ತಿಳಿಯದವರು ಮನೆಯ ಓದಿದ ಮಕ್ಕಳ ಸಹಾಯ ಪಡೆದರೆ ದಲ್ಲಾಳಿಯ ಹಂಗಿಲ್ಲ. ರಸ್ತೆ ಚಿಹ್ನೆ, ಸಂಚಾರ ನಿಯಮ, ರೈಲ್ವೆ ಗೇಟಿನಲ್ಲಿ ವಹಿಸಬೇಕಾದ ಎಚ್ಚರ ಮುಂತಾದವುಗಳ ಮೇಲೆ ಪ್ರಶ್ನೆಗಳಿರುತ್ತವೆ. ಎಲ್.ಎಲ್. ಆರು ತಿಂಗಳು ನಡೆಯುತ್ತದೆ. 30 ದಿನ ಕಳೆದ ಮೇಲೆ ಚಾಲನಾ ಪರೀಕ್ಷೆಗೆ ಹೋಗಬಹುದು. ಅಲ್ಲಿಯವರೆಗೆ ಗಾಡಿಯ ಹಿಂದೆ ಮುಂದೆ ಬಿಳಿ ಹಲಗೆಯ ಮೇಲೆ ಕೆಂಪು 'ಎಲ್' ಅಕ್ಷರ ಇರಬೇಕು. ಕಲಿಸುವವರ ಹೊರತು ಬೇರೆ ಯಾರನ್ನೂ ಹಿಂದೆ ಕೂರಿಸಬಾರದು.

ಮನೆಯಲ್ಲಿ ಗೇರಿನ ಬೈಕು ಇದ್ದರೆ ಅರ್ಜಿಯಲ್ಲಿ ಗೇರಿನ ವರ್ಗವನ್ನೇ ಬರೆಯಿರಿ. ಗೇರಿಲ್ಲದ ಸ್ಕೂಟರಿನ ಲೈಸೆನ್ಸ್ ಇಟ್ಟುಕೊಂಡು ಗೇರಿನ ಬೈಕು ಓಡಿಸುವಂತಿಲ್ಲ. ಸ್ಕೂಟರ್ ಕಲಿಯುತ್ತಿರುವ ಮಹಿಳಾ ಸದಸ್ಯರು ಇದನ್ನು ವಿಶೇಷವಾಗಿ ಗಮನಿಸಬೇಕು.

ಕಲಿಯುವಾಗ ಕ್ಯಾನು ಬೇಡ. ಖಾಲಿ ಕಣದಲ್ಲೋ ಶಾಲಾ ಮೈದಾನದಲ್ಲೋ ಬರಿಯ ಗಾಡಿಯಲ್ಲಿ ಕ್ಲಚ್ಚನ್ನು ಮೆಲ್ಲಗೆ ಬಿಡುವುದು, ನಿಧಾನವಾಗಿ ತಿರುಗಿಸುವುದು ಕೈಗೆ ಬರಲಿ. ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಹೊಡೆಯುತ್ತದೆಂದು ಹಲವರು ಅದನ್ನು ಮುಟ್ಟುವುದೇ ಇಲ್ಲ. ಒಣ ರಸ್ತೆಯಲ್ಲಿ ನೇರವಾಗಿ ಹೋಗುವಾಗ ಗಾಡಿಯನ್ನು ಹೆಚ್ಚು ನಿಲ್ಲಿಸುವುದು ಮುಂದಿನ ಬ್ರೇಕೇ. ಎರಡನ್ನೂ ಒಟ್ಟಿಗೆ, ಹಂತ ಹಂತವಾಗಿ ಒತ್ತಬೇಕು. ಮರಳು, ಕೆಸರು ಇರುವ ತಿರುವಿನಲ್ಲಿ ಮಾತ್ರ ಮುಂದಿನದನ್ನು ಗಟ್ಟಿಯಾಗಿ ಹಿಡಿಯಬಾರದು, ಚಕ್ರ ಜಾರುತ್ತದೆ.

ಲೈಸೆನ್ಸ್ ಕೈಗೆ ಬಂದ ಮೇಲೆ ಕ್ಯಾನಿನ ಅಭ್ಯಾಸ, ಅದೂ ಮೊದಲು ನೀರು ತುಂಬಿ. ಬಿದ್ದರೂ ಹೋಗುವುದು ನೀರು. 40 ಲೀಟರ್ ಹಾಲು ಸುಮಾರು 41 ಕಿಲೋ ತೂಗುತ್ತದೆ, ಕ್ಯಾನಿನ ತೂಕ ಬೇರೆ. ಹಿಂದೆ ಇಷ್ಟು ಭಾರ ಬಿದ್ದಾಗ ಮುಂದಿನ ಚಕ್ರ ಹಗುರವಾಗಿ ಹ್ಯಾಂಡಲ್ ಅಲುಗುತ್ತದೆ, ಗಾಡಿ ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಅರ್ಧ ತುಂಬಿದ ಕ್ಯಾನು ಇನ್ನೂ ಕಷ್ಟ: ತಿರುವಿನಲ್ಲಿ ಹಾಲು ಒಂದು ಕಡೆಗೆ ತುಳುಕಿ ಗಾಡಿಯನ್ನು ಎಳೆಯುತ್ತದೆ. ಎರಡು ಕಡೆ ಕ್ಯಾನು ಕಟ್ಟುವವರು ಎರಡರಲ್ಲೂ ಸಮನಾಗಿ ಹಾಲು ತುಂಬಬೇಕು. ಐ.ಎಸ್.ಐ. ಗುರುತಿನ ಹೆಲ್ಮೆಟ್ ಧರಿಸಿ ಪಟ್ಟಿಯನ್ನೂ ಬಿಗಿಯಿರಿ. ಹ್ಯಾಂಡಲಿಗೆ ನೇತುಹಾಕಿದ ಹೆಲ್ಮೆಟ್ ಪೊಲೀಸರಿಗೆ ತೋರಿಸಲು ಕೂಡ ಸಾಲದು.

ಪರೀಕ್ಷೆಯಲ್ಲಿ ಎಂಟರ ಆಕಾರದಲ್ಲಿ ಕಾಲೂರದೆ ಓಡಿಸಿ ತೋರಿಸಬೇಕಾಗುತ್ತದೆ. ಮುಂದಿನ ಚಕ್ರವನ್ನೇ ನೋಡುವವರು ಕಾಲೂರುತ್ತಾರೆ. ಕಣ್ಣು ಮುಂದಿನ ತಿರುವಿನ ಮೇಲಿರಲಿ. ಮೊದಲ ಗೇರಿನಲ್ಲಿ ಅರ್ಧ ಕ್ಲಚ್ ಹಿಡಿದು, ಹಿಂದಿನ ಬ್ರೇಕನ್ನು ಸೋಕಿಸಿದಂತೆ ಒತ್ತಿದರೆ ಗಾಡಿ ಹಿಡಿತದಲ್ಲಿರುತ್ತದೆ.

ಹಳೆಯ ಲೈಸೆನ್ಸ್ ಪೆಟ್ಟಿಗೆಯಲ್ಲಿರುವ ಹಿರಿಯ ಸದಸ್ಯರು ಒಮ್ಮೆ ತೆಗೆದು ದಿನಾಂಕ ನೋಡುವುದು ಒಳ್ಳೆಯದು. ಅವಧಿ ಮುಗಿದು ಒಂದು ವರ್ಷದೊಳಗಾದರೆ ನವೀಕರಣಕ್ಕೆ ಅರ್ಜಿ ಸಾಕು. ವರ್ಷ ಮೀರಿದ್ದರೆ ಮತ್ತೆ ಚಾಲನಾ ಪರೀಕ್ಷೆ ಕೊಡಬೇಕಾಗುತ್ತದೆ.