ಠಾಣೆಯ ಮೊದಲ ಮೇಜು

ಬೆಂಗಳೂರಿನ ಯಾವ ಪೊಲೀಸ್ ಠಾಣೆಯೇ ಆಗಲಿ, ಬಾಗಿಲಲ್ಲಿ ಬಂದೂಕು ಹಿಡಿದು ನಿಂತ ಸೆಂಟ್ರಿಯನ್ನು ದಾಟಿ ಒಳಗೆ ಅಡಿಯಿಟ್ಟವನಿಗೆ ಮೊದಲು ಎದುರಾಗುವುದು ಇನ್‌ಸ್ಪೆಕ್ಟರರ ಕೊಠಡಿಯಲ್ಲ. ಒಂದು ಮೇಜು, ಅದರ ಹಿಂದೊಂದು ಕುರ್ಚಿ, ಅಂಚು ಸವೆದ ದಪ್ಪ ರಿಜಿಸ್ಟರುಗಳು, ಎಡೆಬಿಡದೆ ಗರಗರನೆ ನುಡಿಯುವ ವಾಕಿಟಾಕಿ. ಪ್ರಭುತ್ವವೆಂಬ ಅಮೂರ್ತ ಮಹಾವಸ್ತುವು ಸಾಮಾನ್ಯ ಪ್ರಜೆಗೆ, ಅದೂ ಅವನ ಬದುಕಿನ ಅತಿ ದುರ್ಬಲವಾದ ಗಳಿಗೆಯಲ್ಲಿ, ಮುಖಾಮುಖಿಯಾಗುವುದು ಈ ಮೇಜಿನ ಬಳಿಯಲ್ಲಿಯೇ. ನ್ಯಾಯಾಲಯದ ಕಟಕಟೆಯನ್ನು ಕುರಿತು ನಾವು ಬರೆದಿರುವುದರ ಶತಾಂಶವನ್ನೂ ಈ ಮೇಜನ್ನು ಕುರಿತು ಬರೆದಿಲ್ಲವೆಂಬುದು ನನಗೆ ಬಹುಕಾಲದ ವ್ಯಥೆ. ಏಕೆಂದರೆ ಇಲ್ಲಿ ಲಿಖಿತವಾಗದ ದೂರು ಕಟಕಟೆಯವರೆಗೆ ಹೋಗುವುದು ಬಲು ದುರ್ಲಭ.

ನ್ಯಾಯಾಧೀಶರ ಅಪ್ಪಣೆಗೆ ಕಾಯದೆ ಪೊಲೀಸರು ತಾವಾಗಿಯೇ ತನಿಖೆಗೆ ತೊಡಗಬಹುದಾದ ಅಪರಾಧದ, ಅಂದರೆ ಸಂಜ್ಞೇಯ ಅಪರಾಧದ, ವರ್ತಮಾನವನ್ನು ಯಾರಾದರೂ ಬಾಯಿಮಾತಿನಲ್ಲಿ ತಂದರೆ, ಠಾಣಾಧಿಕಾರಿಯು ಅದನ್ನು ತಾನೇ ಬರೆದುಕೊಳ್ಳಬೇಕು ಅಥವಾ ತನ್ನ ನಿರ್ದೇಶನದಲ್ಲಿ ಬರೆಯಿಸಬೇಕು, ಬರೆದುದನ್ನು ತಂದವನಿಗೆ ಓದಿ ಹೇಳಬೇಕು, ಅವನ ಸಹಿ ಪಡೆಯಬೇಕು, ಅದರ ಒಂದು ಪ್ರತಿಯನ್ನು ಶುಲ್ಕವಿಲ್ಲದೆ ಕೊಡಬೇಕು ಎಂಬುದು ಕಾನೂನಿನ ವಿಧಿ. 1973ರ ದಂಡ ಪ್ರಕ್ರಿಯಾ ಸಂಹಿತೆಯ 154ನೆಯ ಕಲಮಿನಲ್ಲಿದ್ದ ಈ ವಿಧಿಯು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಲ್ಲಿ ನೆಲೆಸಿದೆ. ಅಕ್ಷರ ಬಾರದವನ ನಾಲಗೆಗೆ ಸರಕಾರದ ಲೇಖನಿಯನ್ನು ಕಡ ಕೊಡುವ ಇಂಥ ಉದಾರವಾದ ವ್ಯವಸ್ಥೆ ನಮ್ಮ ಬೇರಾವ ಕಚೇರಿಯಲ್ಲಿದೆಯೋ ನಾನರಿಯೆ.

ಇನ್ನು ನಡೆಯುವುದನ್ನು ನೋಡಿ. ಒಂದು ಸಂಜೆ, ಹೆಸರು ಹೇಳಲೊಲ್ಲದ ಠಾಣೆಯೊಂದರಲ್ಲಿ, ಗಾರ್ಮೆಂಟ್ಸ್ ಕೆಲಸ ಮುಗಿಸಿ ಬಂದ ಹೆಣ್ಣುಮಗಳೊಬ್ಬಳು ಬಾಡಿಗೆ ಕೋಣೆಯ ಬೀಗ ಮುರಿದು ಓಲೆಯನ್ನೂ ಸಂಬಳದ ಹಣವನ್ನೂ ಒಯ್ದರೆಂದು ಹೇಳತೊಡಗಿದಳು. ಹನ್ನೊಂದು ಗಂಟೆಯ ಹೊತ್ತಿಗೆ ಎದುರು ಮನೆಯ ಅಜ್ಜಿ ಯಾರನ್ನೋ ಕಂಡದ್ದು, ಅವನು ಕುಂಟುತ್ತಿದ್ದದ್ದು, ಗಲ್ಲಿಯ ತುದಿಯಲ್ಲಿ ಇನ್ನೊಬ್ಬ ಬೈಕು ನಿಲ್ಲಿಸಿಕೊಂಡಿದ್ದದ್ದು, ಎಲ್ಲವೂ ಅವಳ ಬಾಯಲ್ಲಿತ್ತು. "ಸಾಹೇಬ್ರು ಬಂದೋಬಸ್ತ್‌ಗೆ ಹೋಗಿದಾರೆ ಕಣಮ್ಮ, ಹೊರಗೆ ಒಂದು ಅರ್ಜಿ ಬರೆಸ್ಕೊಂಡು ಬಾ" ಎಂದರು ಕುರ್ಚಿಯಲ್ಲಿದ್ದ ಹೆಡ್ ಕಾನ್‌ಸ್ಟೆಬಲರು, ಗದರಿಕೆಯಿಂದಲ್ಲ, ಆಯಾಸದಿಂದ. ರಸ್ತೆಯಾಚೆಯ ಜೆರಾಕ್ಸ್ ಅಂಗಡಿಯಲ್ಲಿ ಯಾರೋ ಬರೆದುಕೊಟ್ಟ ಕಾಗದದೊಂದಿಗೆ ಅವಳು ಹಿಂದಿರುಗಿದಾಗ ಅದರಲ್ಲಿ ಸವಿನಯ ಪ್ರಾರ್ಥನೆಯಿತ್ತು, ಬಡತನದ ವರ್ಣನೆಯಿತ್ತು, ದಯಮಾಡಿ ನ್ಯಾಯ ದೊರಕಿಸಿಕೊಡಬೇಕೆಂಬ ಬಿನ್ನಹವಿತ್ತು. ಅಜ್ಜಿ ಇರಲಿಲ್ಲ, ಕುಂಟು ಇರಲಿಲ್ಲ, ಬೈಕೂ ಇರಲಿಲ್ಲ. ಅರ್ಜಿಗೆ ಮೊಹರು ಬಿತ್ತು. ಪ್ರಥಮ ವರ್ತಮಾನ ವರದಿಯಾಗಬೇಕಿದ್ದುದು ಹೀಗೆ ಮೇಜಿನ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗುವಷ್ಟರಲ್ಲಿ ಬರಿಯ ಅರ್ಜಿಯಾಯಿತು. ಅರ್ಜಿಗೆ ಬಹುಶಃ ಒಂದು ಹಿಂಬರಹ ದೊರೆಯುತ್ತದೆ, ತನಿಖೆ ದೊರೆಯುವುದಿಲ್ಲ.

ಇಂಥ ಪರಿವರ್ತನೆಯನ್ನು ತಡೆಯಲೆಂದೇ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು 2013ರ ನವೆಂಬರ್ 12ರಂದು ಲಲಿತಾ ಕುಮಾರಿ ಪ್ರಕರಣದಲ್ಲಿ ತೀರ್ಪಿತ್ತಿತು. ಕಾಣೆಯಾದ ಮಗಳಿಗಾಗಿ 2008ರ ಮೇ ತಿಂಗಳಲ್ಲಿ ತಂದೆಯೊಬ್ಬನು ಲಿಖಿತ ದೂರು ಕೊಟ್ಟರೂ ಠಾಣೆ ಅಲುಗಲಿಲ್ಲ. ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯ ಮೊರೆಹೊಕ್ಕ ಮೇಲೆಯೇ ಅದು ದಾಖಲಾದದ್ದು. ಸಂಜ್ಞೇಯ ಅಪರಾಧವು ದೂರಿನಲ್ಲಿ ಕಂಡುಬಂದರೆ ದಾಖಲಿಸುವುದು ಕಡ್ಡಾಯ, ಅದು ನಿಜವೋ ಸುಳ್ಳೋ ಎಂಬ ವಿಚಾರ ಆ ಬಳಿಕದ್ದು ಎಂದು ಪೀಠ ವಿಧಿಸಿತು. ಹೊಸ ಸಂಹಿತೆಯು ಮೂರು ವರ್ಷಕ್ಕೆ ಕಡಿಮೆಯಿಲ್ಲದ, ಏಳು ವರ್ಷಕ್ಕಿಂತ ಕಡಿಮೆಯಾದ ಶಿಕ್ಷೆಯ ಅಪರಾಧಗಳಲ್ಲಿ, ಡಿವೈಎಸ್‌ಪಿ ದರ್ಜೆಯ ಅಧಿಕಾರಿಯ ಪೂರ್ವಾನುಮತಿ ಪಡೆದು, ಹದಿನಾಲ್ಕು ದಿನಗಳೊಳಗೆ ಪ್ರಾಥಮಿಕ ವಿಚಾರಣೆ ನಡೆಸಲು ಎಡೆಗೊಟ್ಟಿದೆ. ಈ ಸಡಿಲಿಕೆಯು ಮೇಜಿನ ಬಳಿ ಬಂದವರನ್ನು ಹಿಂದಕ್ಕೆ ಕಳುಹಿಸುವ ಹೊಸ ನೆಪವಾಗದಿರಲೆಂದು ನನ್ನ ಹಾರೈಕೆ.

ಮೇಜಿನ ಹಿಂದೆ ಕುಳಿತವರ ಪಾಡನ್ನೂ ಹೇಳದಿದ್ದರೆ ಅನ್ಯಾಯವಾದೀತು. ವೈರ್‌ಲೆಸ್ಸಿಗೆ ಉತ್ತರ ಕೊಡುವುದು, ಠಾಣಾ ದಿನಚರಿ ಬರೆಯುವುದು, ಕೋರ್ಟಿನ ಸಮನ್ಸುಗಳನ್ನು ವಿಂಗಡಿಸುವುದು, ಪಾಸ್‌ಪೋರ್ಟ್ ವಿಚಾರಣೆಗೆಂದು ಬಂದವರನ್ನು ಕೂರಿಸುವುದು, ಲಾಕಪ್ಪಿನ ಮೇಲೊಂದು ಕಣ್ಣಿಡುವುದು, ಇವೆಲ್ಲದರ ನಡುವೆ ಅವರು ಅಳುವವರ ಮಾತನ್ನೂ ಆಲಿಸಬೇಕು. ಪ್ರಕರಣಗಳ ಸಂಖ್ಯೆ ಏರಿದರೆ ಮೇಲಿನವರು ಹುಬ್ಬು ಗಂಟಿಕ್ಕುವರೆಂಬ ಭಯ ಬೇರೆ. ದಾಖಲಾದ ಅಪರಾಧಗಳು ಕಡಿಮೆಯಿರುವ ಠಾಣೆಯನ್ನೇ ಒಳ್ಳೆಯ ಠಾಣೆಯೆಂದು ಎಣಿಸುವವರೆಗೆ ಈ ಕುರ್ಚಿಯಲ್ಲಿ ಯಾರು ಕುಳಿತರೂ ಅವರ ಲೇಖನಿ ಹಿಂಜರಿಯದೆ ಇರದು.

"ಇದು ನಮ್ಮ ಲಿಮಿಟ್ಸ್‌ಗೆ ಬರಲ್ಲ" ಎಂಬ ಮಾತನ್ನು ಈ ಊರಿನಲ್ಲಿ ಕೇಳದವರುಂಟೆ? ಎಲ್ಲಿಯೇ ಅಪರಾಧ ನಡೆದಿರಲಿ, ದೂರು ಬಂದ ಠಾಣೆಯೇ ಅದನ್ನು ದಾಖಲಿಸಿ ಬಳಿಕ ವರ್ಗಾಯಿಸಬೇಕೆಂದು ರಾಷ್ಟ್ರೀಯ ಪೊಲೀಸ್ ಆಯೋಗವು ತನ್ನ ನಾಲ್ಕನೆಯ ವರದಿಯಲ್ಲಿ, ಅಂದರೆ 1980ರಲ್ಲಿಯೇ ಹೇಳಿತ್ತು. ಆ ಮಾತು ಸಂಹಿತೆಯ ಅಕ್ಷರದೊಳಗೆ ಸೇರಲು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು. ಇಂದು ಸರಹದ್ದಿನ ನೆಪವೊಡ್ಡಿ ದೂರನ್ನು ನಿರಾಕರಿಸುವುದಕ್ಕೆ ಕಾನೂನಿನ ಆಧಾರ ಲವಲೇಶವೂ ಇಲ್ಲ.

ಮೊಬೈಲಿನಿಂದಲೇ ದೂರು ಕಳುಹಿಸಬಹುದಲ್ಲವೇ, ಮೇಜಿನ ಗೊಡವೆಯೇಕೆ ಎನ್ನುವವರಿದ್ದಾರೆ. ವಿದ್ಯುನ್ಮಾನ ಮಾರ್ಗದಲ್ಲಿ ಕಳುಹಿಸಿದ ವರ್ತಮಾನಕ್ಕೂ ಮೂರು ದಿನಗಳೊಳಗೆ ಸಹಿ ಬಿದ್ದರೆ ಮಾತ್ರ ಅದು ದಾಖಲಾಗುತ್ತದೆ. ಮೇಲಾಗಿ ರಾಯಚೂರಿನಿಂದಲೋ ಯಾದಗಿರಿಯಿಂದಲೋ ಗಾರೆ ಕೆಲಸಕ್ಕೆ ಬಂದು ಶೆಡ್ಡಿನಲ್ಲಿ ಮಲಗುವವನಿಗೆ ಪರದೆಯ ಮೇಲಿನ ನಮೂನೆಗಿಂತ ಎದುರಿಗೆ ಕುಳಿತ ಮನುಷ್ಯನೇ ದಿಕ್ಕು. ಆ ಮನುಷ್ಯನ ನಡತೆಗೆ ಸಾಕ್ಷಿಯೂ ಈಗ ಉಂಟು: 2020ರ ಡಿಸೆಂಬರ್ 2ರ ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದ ಸುಪ್ರೀಂ ಕೋರ್ಟ್ ಆದೇಶದಂತೆ ಠಾಣೆಯ ದ್ವಾರದಲ್ಲಿಯೂ ಸ್ವಾಗತ ಸ್ಥಳದಲ್ಲಿಯೂ ಸಿಸಿಟಿವಿ ಕ್ಯಾಮೆರಾ ಇರಬೇಕು, ಚಿತ್ರಣವನ್ನು ಹದಿನೆಂಟು ತಿಂಗಳು ಕಾಪಿಡಬೇಕು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಸಂಹಿತೆಯ ಪರಿಭಾಷೆಯ ಭಾಗದಲ್ಲಿ ಅಡಗಿರುವ, ಯಾರೂ ಓದದ ಒಂದು ವಾಕ್ಯ. ಠಾಣಾಧಿಕಾರಿಯು ಠಾಣೆಯಲ್ಲಿ ಇಲ್ಲದಾಗ, ಅಲ್ಲಿ ಹಾಜರಿರುವವರ ಪೈಕಿ ಅವರ ನಂತರದ ದರ್ಜೆಯವರು, ಕಾನ್‌ಸ್ಟೆಬಲ್ ದರ್ಜೆಗೆ ಮೇಲ್ಪಟ್ಟವರಾಗಿದ್ದರೆ, ಅವರೇ ಆ ಹೊತ್ತಿಗೆ ಠಾಣಾಧಿಕಾರಿ. ಎಂದಮೇಲೆ ಆ ಸಂಜೆ ಕುರ್ಚಿಯಲ್ಲಿ ಕುಳಿತಿದ್ದ ಹೆಡ್ ಕಾನ್‌ಸ್ಟೆಬಲರೇ ಆ ಹೆಣ್ಣುಮಗಳ ಮಾತನ್ನು ಬರೆದುಕೊಳ್ಳಲು ಅಧಿಕಾರವುಳ್ಳವರಾಗಿದ್ದರು. ಸಾಹೇಬರ ಬಂದೋಬಸ್ತು ಅಡ್ಡಿಯಾಗಬೇಕಿರಲಿಲ್ಲ. ಪ್ರತಿ ಠಾಣೆಯ ಬಾಗಿಲಲ್ಲಿ ಒಂದು ಕರಿಹಲಗೆ ತೂಗುಹಾಕಿ, ಪಾಳಿ ಬದಲಾದಾಗಲೆಲ್ಲ ಆ ಹೊತ್ತಿನ ಠಾಣಾಧಿಕಾರಿ ಯಾರು, ಅವರ ದರ್ಜೆ ಯಾವುದು, ಅವರ ಪಾಳಿ ಎಷ್ಟು ಗಂಟೆಯವರೆಗೆ ಎಂಬುದನ್ನು ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆಯುವ ಏರ್ಪಾಟನ್ನು ನಗರದ ಪೊಲೀಸ್ ಆಯುಕ್ತರು ಒಂದು ಸುತ್ತೋಲೆಯಿಂದಲೇ ಮಾಡಬಹುದು. ಅದಕ್ಕೆ ಹೊಸ ಶಾಸನವೂ ಬೇಡ, ಹೊಸ ಅನುದಾನವೂ ಬೇಡ.