ಕಣ್ಣಿಗೊಂದು ಹೂ, ಕಿವಿಗೊಂದು ಹಕ್ಕಿ

ರೂಪವನ್ನು ಕಂಡು ಯೋಗ್ಯತೆಯನ್ನು ನಿರ್ಣಯಿಸಬಾರದೆಂಬ ಮಾತು ಮನುಷ್ಯರಿಗೆ ಮಾತ್ರ ಸಲ್ಲುವುದಲ್ಲ. ನಮ್ಮ ಕೆರೆಗಳಲ್ಲಿರುವ ಒಂದು ಹಕ್ಕಿಯನ್ನೂ ಒಂದು ಹೂಗಿಡವನ್ನೂ ಹೋಲಿಸಿ ನೋಡಿದರೆ ಇದು ಮನವರಿಕೆಯಾಗುತ್ತದೆ. ಹಕ್ಕಿ ಜೊಂಡಿನ ಉಲಿಯಕ್ಕಿ. ಗಿಡ ನಮ್ಮಲ್ಲಿ ಹಲವರು ಅಂತರಗಂಗೆಯೆಂದೇ ಕರೆಯುವ ವಾಟರ್ ಹಯಸಿಂತ್.

ಉಲಿಯಕ್ಕಿಯಲ್ಲಿ ಕಣ್ಸೆಳೆಯುವಂಥದೇನೂ ಇಲ್ಲ. ಗುಬ್ಬಚ್ಚಿಗಿಂತ ತುಸು ದೊಡ್ಡದು. ಬೆನ್ನು ಕಂದು, ಹೊಟ್ಟೆ ಮಾಸಲು ಬಿಳುಪು. ಜೊಂಡಿನೊಳಗೆ ಅಡಗಿರುವ ಇದು ಕಣ್ಣಿಗಿಂತ ಕಿವಿಗೇ ಹೆಚ್ಚು ಪರಿಚಿತ. 1833ರಲ್ಲಿ ಇದನ್ನು ವರ್ಣಿಸಿದ ಶಾಸ್ತ್ರಜ್ಞರು 'ಸ್ಟೆಂಟೋರಿಯಸ್' ಎಂದು ಹೆಸರಿಟ್ಟರು. ಹೋಮರನ ಇಲಿಯಡ್ ಕಾವ್ಯದಲ್ಲಿ ಐವತ್ತು ಜನರ ದನಿಯುಳ್ಳ ಸ್ಟೆಂಟರ್ ಎಂಬವನು ಬರುತ್ತಾನಷ್ಟೆ. ಆ ಹೆಸರು ಅವನದೇ. ಬೇಸಗೆಯಲ್ಲಿ ಕಾಶ್ಮೀರದ ಸರೋವರಗಳಲ್ಲಿ ಇವು ಮರಿಮಾಡುತ್ತವೆ. ನೀರಿನ ಮೇಲೆ ನೆಟ್ಟಗೆ ನಿಂತ ನಾಲ್ಕಾರು ಜೊಂಡುಗಳನ್ನು ಸೇರಿಸಿ, ಬಟ್ಟಲಿನಂಥ ಆಳವಾದ ಗೂಡನ್ನು ಹೆಣೆಯುತ್ತವೆ. ಚಳಿಗಾಲಕ್ಕೆ ಹಲವು ದಕ್ಷಿಣಕ್ಕೆ ಬರುತ್ತವೆ. ಆಹಾರ ಮುಖ್ಯವಾಗಿ ಹುಳುಹುಪ್ಪಟೆ.

ವಾಟರ್ ಹಯಸಿಂತಿನ ಸೊಬಗೇ ಬೇರೆ. ತಿಳಿನೇರಳೆ ಹೂಗೊಂಚಲು, ಮೇಲಿನ ಎಸಳಿನಲ್ಲಿ ನವಿಲುಗರಿಯ ಕಣ್ಣಿನಂತೆ ಹಳದಿಯ ಚುಕ್ಕೆ. ದಕ್ಷಿಣ ಅಮೆರಿಕದ ಅಮೆಜಾನ್ ಪ್ರದೇಶದ ಈ ಗಿಡವನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಲಂಕಾರಕ್ಕೆಂದು ಬಂಗಾಳಕ್ಕೆ ತಂದರು. ಅದರ ಹಾವಳಿಯನ್ನು ತಡೆಯಲು 1936ರಲ್ಲಿ ಅಲ್ಲಿ ಶಾಸನವನ್ನೇ ಮಾಡಬೇಕಾಯಿತು! ಅನುಕೂಲವಿದ್ದಲ್ಲಿ ಇದು ಸುಮಾರು ಎರಡು ವಾರದಲ್ಲಿ ಇಮ್ಮಡಿಯಾಗುತ್ತದೆ. ನೀರು ಹಾಸಿನಡಿ ಮುಚ್ಚಿಹೋದಾಗ ಬೆಳಕು ಇಳಿಯದು, ಆಮ್ಲಜನಕ ಕುಗ್ಗುವುದು, ಮೀನು ಸಾಯುವುದು.

ಹಾಗೆಂದು ಗಿಡವನ್ನು ಶಪಿಸುವುದು ನ್ಯಾಯವಲ್ಲ. ಹಕ್ಕಿಯೂ ದೂರದಿಂದ ಬರುವುದೇ. ಆದರೆ ತಾನಾಗಿ ಬಂದು, ಕಾಲ ತೀರಿದೊಡನೆ ಹೊರಡುತ್ತದೆ. ಗಿಡವನ್ನು ತಂದವರು ನಾವು. ತವರಿನಲ್ಲಿ ಅದನ್ನು ತಿಂದು ಹತೋಟಿಯಲ್ಲಿಡುವ ಕೀಟಗಳನ್ನು ತರಲಿಲ್ಲ. ಅಂಥ ಸೊಂಡಿಲು ಹುಳುಗಳನ್ನು 1982ರಲ್ಲಿ ಬೆಂಗಳೂರಿಗೆ ತರಿಸಿ, ಪರೀಕ್ಷಿಸಿ, ಮುಂದೆ ಕೆರೆಗಳಿಗೆ ಬಿಟ್ಟಾಗ ಕೆಲವೆಡೆ ಒಳ್ಳೆಯ ಫಲ ಕಂಡಿತು. ಆದರೆ ಊರಿನ ಕೊಳಚೆ ಕೆರೆಗೆ ಹರಿಯುವವರೆಗೆ ಗಿಡಕ್ಕೆ ಗೊಬ್ಬರ ತಪ್ಪದು.

ಇನ್ನೊಂದು ಮಾತು. ಕೆರೆಯನ್ನು ಶುಚಿಮಾಡುವ ಉತ್ಸಾಹದಲ್ಲಿ ತೇಲುವ ಕಳೆಯೊಡನೆ ಅಂಚಿನ ಜೊಂಡನ್ನೂ ಕಿತ್ತೆಸೆಯುವುದುಂಟು. ಎರಡೂ ಹಸುರೇ, ಆದರೆ ಒಂದು ಕೆರೆಯ ಉಸಿರನ್ನು ಕಟ್ಟುತ್ತದೆ, ಇನ್ನೊಂದು ಹಕ್ಕಿಗೆ ಮನೆಯಾಗುತ್ತದೆ. ಶ್ರಮದಾನಕ್ಕೆ ಹೊರಡುವ ವಿದ್ಯಾರ್ಥಿ ಮಿತ್ರರು ಕತ್ತಿ ಹಿಡಿಯುವ ಮೊದಲು ಈ ಭೇದವನ್ನು ಅರಿತಿರಲಿ.